ಹೊರಗೆ ಚಿಕ್ಕ ಗಾಯ, ಒಳಗೆ ದೊಡ್ಡ ದುರಸ್ತಿ: ಹೊಟ್ಟೆಯ ಹರ್ನಿಯಾ ಮತ್ತು ಲ್ಯಾಪರೋಸ್ಕೋಪಿಕ್ ಶಸ್ತ್ರಚಿಕಿತ್ಸೆ



ಜಾತ್ರೆಯ ಸಮಯದಲ್ಲಿ ಮಠದ ಆವರಣದಲ್ಲಿ ನಡೆಯುವ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ನಾವು ಪ್ರತಿ ವರ್ಷವೂ ಕಾಣುವ ದೃಶ್ಯವೊಂದಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೊಣಕಾಲು ನೋವು ಇವನ್ನೆಲ್ಲ ಹೇಳಿ ಮುಗಿಸಿ, ಇನ್ನೇನು ಎದ್ದು ಹೋಗಬೇಕು ಎನ್ನುವಾಗ ತಾಯಿಯೊಬ್ಬರು ದನಿ ತಗ್ಗಿಸಿ, "ಹೊಟ್ಟಿ ಮ್ಯಾಲ ಒಂದು ಗಂಟು ಐತ್ರಿ, ಮಲಗಿದರ ಒಳಗ ಹೋಗತೈತಿ" ಎನ್ನುತ್ತಾರೆ. ಎಷ್ಟು ದಿನವಾಯಿತೆಂದು ಕೇಳಿದರೆ ದಿನಗಳ ಲೆಕ್ಕ ಬರುವುದಿಲ್ಲ, ವರ್ಷಗಳ ಲೆಕ್ಕ ಬರುತ್ತದೆ. ಸೀರೆಯ ನೆರಿಗೆಯ ಕೆಳಗೆ, ಪಂಚೆಯ ಕಟ್ಟಿನ ಒಳಗೆ ಇಷ್ಟು ಕಾಲ ಮರೆಯಾಗಿ ಉಳಿಯುವ ಕಾಯಿಲೆಗಳು ಹೆಚ್ಚಿಲ್ಲ. ಅಂಥವುಗಳಲ್ಲಿ ಹರ್ನಿಯಾ ಒಂದು.

ಕೆಲವು ವರ್ಷಗಳ ಹಿಂದೆ ನಾವು ಚಿಕಿತ್ಸೆ ನೀಡಿದ ಒಬ್ಬ ತಾಯಿಯ ನೆನಪು ಇಂದಿಗೂ ಮಾಸಿಲ್ಲ. ಗರ್ಭಕೋಶ ತೆಗೆಸಿದ ಹಳೆಯ ಗಾಯದ ಜಾಗದಲ್ಲಿ ಒಂಬತ್ತು ವರ್ಷಗಳಿಂದ ಉಬ್ಬು ಇತ್ತು. ಅಂಗಡಿಯಿಂದ ತಂದ ಬೆಲ್ಟನ್ನು ಬಿಗಿದುಕೊಂಡು ಹೊಲಕ್ಕೂ ಹೋಗುತ್ತಿದ್ದರು, ದಾಸೋಹದ ಮನೆಯಲ್ಲಿ ರೊಟ್ಟಿಯನ್ನೂ ಬಡಿಯುತ್ತಿದ್ದರು. ಒಂದು ಸಂಜೆ ಅನ್ನದ ಹಂಡೆಯನ್ನು ಎತ್ತಿ ಇಳಿಸಿದ ಮೇಲೆ ಉಬ್ಬು ಒಳಗೆ ಹೋಗಲಿಲ್ಲ. ರಾತ್ರಿಯೆಲ್ಲ ವಾಂತಿಯಾಯಿತು. ಅಜೀರ್ಣವೆಂದು ಮನೆಯವರು ಓಮದ ಕಷಾಯ ಕೊಟ್ಟರು. ಮರುದಿನ ಮಧ್ಯಾಹ್ನ ಆಸ್ಪತ್ರೆಗೆ ಬಂದಾಗ ಸಿಕ್ಕಿಹಾಕಿಕೊಂಡ ಕರುಳು ಕಪ್ಪಾಗಿತ್ತು. ಹೊಟ್ಟೆಯನ್ನು ಉದ್ದಕ್ಕೆ ತೆರೆದು ಸುಮಾರು ಒಂದು ಅಡಿ ಕರುಳನ್ನು ತೆಗೆಯಬೇಕಾಯಿತು. ಅವರು ಬದುಕಿ ಉಳಿದರು. ಆದರೆ ಆಸ್ಪತ್ರೆಯಲ್ಲಿ ಹದಿನಾರು ದಿನ ಕಳೆದರು, ಮತ್ತೆ ಹೊಲದ ಕೆಲಸಕ್ಕೆ ಮರಳಲು ಆರು ತಿಂಗಳು ಹಿಡಿಯಿತು. ಅವರನ್ನು ನೋಡಲು ಬಂದಿದ್ದ ಅವರ ತಂಗಿ ಹೋಗುವ ಮುನ್ನ ಮೆಲ್ಲಗೆ ಕೇಳಿದರು: "ನನಗೂ ಹೊಕ್ಕಳದ ಹತ್ರ ಇಂಥದೇ ಒಂದು ಸಣ್ಣದೈತ್ರಿ." ತಂಗಿಯ ಕಥೆ ಬೇರೆಯೇ ಆಯಿತು. ಅದನ್ನು ಲೇಖನದ ಕೊನೆಯಲ್ಲಿ ಹೇಳುತ್ತೇವೆ. ಈ ಇಬ್ಬರ ನಡುವಿನ ವ್ಯತ್ಯಾಸ ಏನೆಂಬುದನ್ನು ತಿಳಿಸುವುದೇ ಈ ತಿಂಗಳ ಪಾಠದ ಉದ್ದೇಶ.

ಹರ್ನಿಯಾ ಎಂದರೇನು?

ನಮ್ಮ ಹೊಟ್ಟೆಯ ಮುಂಭಾಗವು ಚರ್ಮ, ಕೊಬ್ಬು, ಸ್ನಾಯುಗಳು ಮತ್ತು ಸ್ನಾಯುಗಳನ್ನು ಬೆಸೆಯುವ ಗಟ್ಟಿಯಾದ ಬಿಳಿ ಪದರಗಳಿಂದ ಕೂಡಿದ ಗೋಡೆ. ಕರುಳು ಮೊದಲಾದ ಅವಯವಗಳನ್ನು ಸ್ವಸ್ಥಾನದಲ್ಲಿ ಹಿಡಿದಿಡುವುದು ಈ ಗೋಡೆಯೇ. ಕೆಮ್ಮುವಾಗ, ಭಾರ ಎತ್ತುವಾಗ, ಮಲವಿಸರ್ಜನೆಗೆ ತಿಣುಕುವಾಗ ಹೊಟ್ಟೆಯ ಒಳಗಿನ ಒತ್ತಡ ಹೆಚ್ಚುತ್ತದೆ. ಗೋಡೆಯಲ್ಲಿ ಎಲ್ಲಿಯಾದರೂ ದುರ್ಬಲ ಜಾಗವಿದ್ದರೆ ಆ ಒತ್ತಡವು ಅಲ್ಲಿ ಕಿಂಡಿಯನ್ನು ಮಾಡುತ್ತದೆ. ಆ ಕಿಂಡಿಯ ಮೂಲಕ ಒಳಗಿನ ಕೊಬ್ಬಿನ ಪದರವೋ ಕರುಳಿನ ಸುರುಳಿಯೋ ಹೊರಗೆ ತಳ್ಳಲ್ಪಟ್ಟು ಚರ್ಮದ ಕೆಳಗೆ ಉಬ್ಬಾಗಿ ಕಾಣುತ್ತದೆ. ಇದೇ ಹರ್ನಿಯಾ. ಆದ್ದರಿಂದ ನಾವು 'ಗಂಟು' ಎಂದು ಕರೆಯುವುದು ನಿಜವಾಗಿ ಗಂಟಲ್ಲ. ಅದು ತೂತಿನ ಮೂಲಕ ಹೊರಬಂದ ನಮ್ಮದೇ ಅವಯವ. ಕಾಯಿಲೆ ಇರುವುದು ಉಬ್ಬಿನಲ್ಲಲ್ಲ, ಅದರ ಹಿಂದಿನ ಕಿಂಡಿಯಲ್ಲಿ.

ಈ ಕಿಂಡಿ ಮೂಡುವ ಜಾಗಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ತೊಡೆಸಂದು. ಪುರುಷರಲ್ಲಿ ಇದೇ ಅತಿ ಸಾಮಾನ್ಯ. ಜೀವಮಾನದಲ್ಲಿ ಪುರುಷರಲ್ಲಿ ಸುಮಾರು ಶೇ. 27ರಷ್ಟು, ಸ್ತ್ರೀಯರಲ್ಲಿ ಶೇ. 3ರಷ್ಟು ಜನರಿಗೆ ತೊಡೆಸಂದಿನ ಹರ್ನಿಯಾ ಶಸ್ತ್ರಚಿಕಿತ್ಸೆಯ ಅಗತ್ಯ ಬೀಳುತ್ತದೆಂದು ಇಂಗ್ಲೆಂಡಿನ ಅಧ್ಯಯನವೊಂದು ಲೆಕ್ಕ ಹಾಕಿದೆ. ಎರಡನೆಯದು ಹೊಕ್ಕಳು. ಹಲವು ಬಾರಿ ಗರ್ಭ ಧರಿಸಿದ ತಾಯಂದಿರಲ್ಲಿ, ಸ್ಥೂಲಕಾಯದವರಲ್ಲಿ ಇದು ಹೆಚ್ಚು. ಮೂರನೆಯದು ಹೊಕ್ಕಳು ಮತ್ತು ಎದೆಗೂಡಿನ ನಡುವಿನ ಮಧ್ಯರೇಖೆ. ನಾಲ್ಕನೆಯದು ಹಳೆಯ ಶಸ್ತ್ರಚಿಕಿತ್ಸೆಯ ಗಾಯ. ಹೊಟ್ಟೆಯ ನಡುವೆ ಉದ್ದಕ್ಕೆ ಕೊಯ್ದು ಮಾಡಿದ ಶಸ್ತ್ರಚಿಕಿತ್ಸೆಗಳ ಅನಂತರ ನೂರರಲ್ಲಿ ಸುಮಾರು ಹತ್ತರಿಂದ ಇಪ್ಪತ್ತು ಜನರಿಗೆ ಮುಂದೆ ಆ ಜಾಗದಲ್ಲಿ ಹರ್ನಿಯಾ ಬರುವುದುಂಟು. ಗಾಯದಲ್ಲಿ ಕೀವಾಗಿದ್ದರೆ, ಧೂಮಪಾನವಿದ್ದರೆ, ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಈ ಸಾಧ್ಯತೆ ಇನ್ನೂ ಹೆಚ್ಚು.

ಎಲ್ಲ ಉಬ್ಬುಗಳೂ ಹರ್ನಿಯಾ ಅಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಹೆರಿಗೆಯಾದ ತಾಯಂದಿರು ಮಲಗಿದಲ್ಲಿಂದ ಏಳುವಾಗ ಹೊಟ್ಟೆಯ ನಡುವೆ ಉದ್ದನೆಯ ದಿಂಡಿನಂತೆ ಉಬ್ಬು ಕಾಣಿಸುವುದುಂಟು. ಎಡಬಲದ ಸ್ನಾಯುಗಳು ಪರಸ್ಪರ ದೂರ ಸರಿದಿರುವುದರಿಂದ ಹೀಗಾಗುತ್ತದೆ. ಅಲ್ಲಿ ಕಿಂಡಿ ಇರುವುದಿಲ್ಲ, ಕರುಳು ಸಿಕ್ಕಿಕೊಳ್ಳುವ ಭಯವೂ ಇಲ್ಲ. ಇಂಥವರಿಗೆ ಸಾಮಾನ್ಯವಾಗಿ ಸೂಕ್ತ ವ್ಯಾಯಾಮವನ್ನೇ ಮೊದಲು ಸೂಚಿಸಲಾಗುತ್ತದೆ. ವೈದ್ಯರು ಕೈಯಿಂದ ಪರೀಕ್ಷಿಸಿ, ಬೇಕಾದರೆ ಸ್ಕ್ಯಾನ್ ಮಾಡಿಸಿ ಈ ಭೇದವನ್ನು ಹೇಳಬಲ್ಲರು.

ಔಷಧದಿಂದ ಕರಗುವುದೇ? ಬೆಲ್ಟಿನಿಂದ ವಾಸಿಯಾಗುವುದೇ?

ಶಿಬಿರದಲ್ಲಿ ನಮಗೆ ಎದುರಾಗುವ ಮೊದಲ ಪ್ರಶ್ನೆಯೇ ಇದು. ಗೋಣಿಚೀಲದಲ್ಲಿ ತೂತಾಗಿ ಜೋಳ ಸೋರುತ್ತಿದ್ದರೆ ಜೋಳಕ್ಕೆ ಔಷಧ ಹಚ್ಚಿ ಪ್ರಯೋಜನವಿಲ್ಲ, ತೂತನ್ನು ಮುಚ್ಚಬೇಕು. ದೊಡ್ಡವರಲ್ಲಿ ಹರ್ನಿಯಾದ ಕಿಂಡಿಯನ್ನು ಮುಚ್ಚುವ ಮಾತ್ರೆಯಾಗಲಿ ಲೇಪವಾಗಲಿ ಇಲ್ಲ. ಬೆಲ್ಟು ಉಬ್ಬನ್ನು ಸ್ವಲ್ಪ ಹೊತ್ತು ಒಳಗೆ ಒತ್ತಿಡುತ್ತದೆ, ಕಿಂಡಿಯನ್ನು ಮುಚ್ಚುವುದಿಲ್ಲ. ಶಸ್ತ್ರಚಿಕಿತ್ಸೆಗೆ ದೇಹಸ್ಥಿತಿ ಒಪ್ಪದವರಿಗೆ ಅದು ಆಸರೆಯಾದೀತು. ಉಳಿದವರಿಗೆ ಎಲ್ಲವೂ ಸರಿಯಿದೆಯೆಂಬ ಭ್ರಮೆಯನ್ನು ಕೊಟ್ಟು ಕಾಲ ಕಳೆಯುವಂತೆ ಮಾಡುತ್ತದೆ.

ಮಕ್ಕಳ ವಿಷಯದಲ್ಲಿ ಮಾತ್ರ ಒಂದು ವಿನಾಯಿತಿಯಿದೆ. ಎಳೆಗೂಸುಗಳ ಹೊಕ್ಕಳು ಉಬ್ಬಿದ್ದರೆ ಅದು ನಾಲ್ಕೈದು ವರ್ಷದೊಳಗೆ ಬಹುಪಾಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ನಾಣ್ಯವಿಟ್ಟು ಬಟ್ಟೆ ಕಟ್ಟುವ ರೂಢಿಯಿಂದ ಲಾಭವಿಲ್ಲ. ಬೆವರು ನಿಂತು ಚರ್ಮ ಹುಣ್ಣಾಗುವುದೇ ಹೆಚ್ಚು. ಆದರೆ ಮಗುವಿನ ತೊಡೆಸಂದಿನ ಹರ್ನಿಯಾ ಹಾಗೆ ಮುಚ್ಚುವುದಿಲ್ಲ. ಅದಕ್ಕೆ ತಡಮಾಡದೆ ಮಕ್ಕಳ ಶಸ್ತ್ರಚಿಕಿತ್ಸಕರನ್ನು ಕಾಣಬೇಕು.

ಕಾಯಬಹುದೇ?

ಪ್ರತಿಯೊಂದು ಹರ್ನಿಯಾಕ್ಕೂ ನಾಳೆಯೇ ಶಸ್ತ್ರಚಿಕಿತ್ಸೆಯಾಗಬೇಕೆಂದು ಹೇಳಿದರೆ ಅದು ಸತ್ಯವಲ್ಲ. ನೋವಿಲ್ಲದ ಅಥವಾ ಅತಿ ಕಡಿಮೆ ತೊಂದರೆಯ ತೊಡೆಸಂದಿನ ಹರ್ನಿಯಾ ಇದ್ದ 720 ಪುರುಷರನ್ನು ಉತ್ತರ ಅಮೆರಿಕದ ವೈದ್ಯರು ಎರಡು ಗುಂಪು ಮಾಡಿ ಅಧ್ಯಯನ ನಡೆಸಿ, 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಎಚ್ಚರಿಕೆಯ ನಿರೀಕ್ಷೆ. ಕಾದವರಲ್ಲಿ ಕರುಳು ಹಠಾತ್ತಾಗಿ ಸಿಕ್ಕಿಕೊಂಡ ಪ್ರಮಾಣ ವರ್ಷಕ್ಕೆ ಸಾವಿರಕ್ಕೆ ಇಬ್ಬರಿಗಿಂತ ಕಡಿಮೆ. ಆದರೆ ಅದೇ ಗುಂಪನ್ನು ಮುಂದೆ ಗಮನಿಸಿದಾಗ ಹತ್ತು ವರ್ಷಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ, ಹೆಚ್ಚಾಗಿ ನೋವು ಬೆಳೆದ ಕಾರಣಕ್ಕೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಅಂದರೆ ವೈದ್ಯರ ಕಣ್ಣಳತೆಯಲ್ಲಿ ಕಾಯುವುದು ಕೆಲವರಿಗೆ ಸುರಕ್ಷಿತವೇ, ಆದರೆ ಅದು ಬಹುಮಟ್ಟಿಗೆ ಮುಂದೂಡಿಕೆ ಮಾತ್ರ.

ಈ ಸಮಾಧಾನ ಎಲ್ಲರಿಗೂ ಅನ್ವಯಿಸುವುದಿಲ್ಲ. ಸ್ತ್ರೀಯರ ತೊಡೆಸಂದಿನ ಉಬ್ಬುಗಳಲ್ಲಿ ಹಲವು, ತೊಡೆಯ ದೊಡ್ಡ ರಕ್ತನಾಳದ ಪಕ್ಕದ ಇಕ್ಕಟ್ಟಾದ ದಾರಿಯಿಂದ ಬರುವಂಥವು. ಅಲ್ಲಿ ಕರುಳು ಸಿಕ್ಕಿಕೊಳ್ಳುವ ಅಪಾಯ ಹೆಚ್ಚು. ಆದುದರಿಂದ ಅಂಥವರು ಕಾಯಬಾರದು. ಹಳೆಯ ಗಾಯದ ಹರ್ನಿಯಾ ಕಾಲ ಕಳೆದಂತೆ ಹಿಗ್ಗುತ್ತದೆ. ಇಂದು ಮೂರು ಸೆಂಟಿಮೀಟರಿನ ಕಿಂಡಿ ನಾಳೆ ಹನ್ನೆರಡು ಸೆಂಟಿಮೀಟರಾದರೆ ಶಸ್ತ್ರಚಿಕಿತ್ಸೆಯ ಸ್ವರೂಪವೇ ಬದಲಾಗುತ್ತದೆ. ಕಾಯಬೇಕೋ ಬೇಡವೋ ಎಂಬ ನಿರ್ಧಾರವನ್ನು ಪರೀಕ್ಷೆಯಾದ ಮೇಲೆ ತೆಗೆದುಕೊಳ್ಳಬೇಕು. ತೋರಿಸಿಕೊಳ್ಳದೆಯೇ ಕಾಯುವುದು ನಿರ್ಧಾರವಲ್ಲ, ಅದು ಅಡಗಿಸಿಡುವುದು.

ಹೊಲಿಗೆಯಿಂದ ಜಾಲರಿಗೆ

ಹರ್ನಿಯಾವನ್ನು ಶಾಸ್ತ್ರೀಯವಾಗಿ ದುರಸ್ತಿ ಮಾಡುವ ಆಧುನಿಕ ಪದ್ಧತಿಗೆ ಇಟಲಿಯ ಪಡುವಾ ನಗರದ ಎಡುವಾರ್ಡೊ ಬಾಸಿನಿ ತಳಹದಿ ಹಾಕಿದರು. ತಮ್ಮ ವಿಧಾನವನ್ನು ಅವರು 1887ರಲ್ಲಿ ವೈದ್ಯರ ಮುಂದಿಟ್ಟರು. ಅದು ಸ್ನಾಯುಪದರಗಳನ್ನು ಎಳೆದು ಹೊಲಿಯುವ ವಿಧಾನ. ಸವೆದ ಬಟ್ಟೆಯ ಎರಡು ಅಂಚುಗಳನ್ನು ಬಲವಾಗಿ ಎಳೆದು ಹೊಲಿದರೆ ಹೊಲಿಗೆಯ ಪಕ್ಕದಲ್ಲೇ ಮತ್ತೆ ಹರಿಯುವುದನ್ನು ಮನೆಯ ತಾಯಂದಿರು ಬಲ್ಲರು. ಹರ್ನಿಯಾದಲ್ಲಿ ಆಗುತ್ತಿದ್ದುದೂ ಅದೇ. ತೇಪೆ ಹಾಕುವ ಉಪಾಯ ಬಂದುದು 1950ರ ದಶಕದ ಕೊನೆಯಲ್ಲಿ, ಅಮೆರಿಕದ ಫ್ರಾನ್ಸಿಸ್ ಅಶರ್ ಅವರು ಪ್ಲಾಸ್ಟಿಕ್ ಎಳೆಗಳಿಂದ ನೇಯ್ದ ಜಾಲರಿಯನ್ನು ಬಳಕೆಗೆ ತಂದಾಗ. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಪಾಲಿಪ್ರೊಪಿಲೀನ್ ಜಾಲರಿ. ಇದರ ಕಣ್ಣುಗಳ ಮೂಲಕ ನಮ್ಮ ದೇಹದ ಅಂಗಾಂಶವೇ ಬೆಳೆದು ಜಾಲರಿ ಗೋಡೆಯ ಭಾಗವಾಗಿಬಿಡುತ್ತದೆ.

ತೇಪೆಯ ಲಾಭವೇನೆಂಬುದಕ್ಕೆ ಸ್ಪಷ್ಟ ಸಾಕ್ಷ್ಯವಿದೆ. ಹಳೆಯ ಗಾಯದ ಹರ್ನಿಯಾ ಕುರಿತು ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಹೊಲಿಗೆ ಹಾಕಿಸಿಕೊಂಡವರಲ್ಲಿ ಮೂರು ವರ್ಷದೊಳಗೆ ಶೇ. 43ರಷ್ಟು ಜನರಿಗೆ, ಜಾಲರಿ ಹಾಕಿಸಿಕೊಂಡವರಲ್ಲಿ ಶೇ. 24ರಷ್ಟು ಜನರಿಗೆ ಹರ್ನಿಯಾ ಮರುಕಳಿಸಿತು. ಹೊಕ್ಕಳಿನ ಹರ್ನಿಯಾದಲ್ಲಿ ಒಂದರಿಂದ ನಾಲ್ಕು ಸೆಂಟಿಮೀಟರಿನ ಕಿಂಡಿಗಳ ಬಗೆಗೆ 2018ರಲ್ಲಿ ಬಂದ ಅಧ್ಯಯನದಲ್ಲಿ ಮರುಕಳಿಕೆ ಹೊಲಿಗೆಯಲ್ಲಿ ಶೇ. 12, ಜಾಲರಿಯಲ್ಲಿ ಶೇ. 4. ಜಾಲರಿ ಬಂದ ಮೇಲೂ ಮರುಕಳಿಕೆ ಪೂರ್ತಿ ಇಲ್ಲವಾಗಲಿಲ್ಲ ಎಂಬುದನ್ನೂ ಈ ಅಂಕಿಗಳೇ ಹೇಳುತ್ತವೆ.

ಜಾಲರಿಯ ಬೆಲೆಯ ಪ್ರಶ್ನೆಗೆ ನಮ್ಮ ನೆರೆಯ ಮಹಾರಾಷ್ಟ್ರದ ದೊಂಡಾಯಿಚಾ ಎಂಬ ಊರಿನ ಶಸ್ತ್ರಚಿಕಿತ್ಸಕ ಡಾ. ರವೀಂದ್ರನಾಥ ಟೊಂಗಾಂವಕರ್ ಅವರು ಕಂಡುಕೊಂಡ ಉತ್ತರವು ಸ್ಮರಣೀಯ. ಬಡ ರೋಗಿಗಳಿಗೆ ದುಬಾರಿ ಜಾಲರಿ ಎಟುಕದಿದ್ದಾಗ ಅವರು ಸೊಳ್ಳೆಪರದೆಯ ಬಟ್ಟೆಯನ್ನು ಶಾಸ್ತ್ರೋಕ್ತವಾಗಿ ಶುದ್ಧೀಕರಿಸಿ ಬಳಸಿ, 2003ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಮುಂದೆ ಉಗಾಂಡಾ ದೇಶದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಅಗ್ಗದ ಜಾಲರಿಗೂ ದುಬಾರಿ ಜಾಲರಿಗೂ ಒಂದು ವರ್ಷದ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಳ್ಳಿಯ ವೈದ್ಯರೊಬ್ಬರ ಕಳಕಳಿ ಜಗತ್ತಿನ ಬಡವರಿಗೆ ದಾರಿಯಾಯಿತು.

ರಂಧ್ರದ ಮೂಲಕ ದುರಸ್ತಿ ಹೇಗೆ?

ಹೊಟ್ಟೆಯನ್ನು ತೆರೆಯದೆ ಒಳಗೆ ನೋಡುವ ಪ್ರಯತ್ನ ಹಳೆಯದು. ಸ್ವೀಡನ್ನಿನ ಯಾಕೋಬಿಯಸ್ ಅವರು 1910ರಲ್ಲಿಯೇ ಮನುಷ್ಯರ ಹೊಟ್ಟೆಯೊಳಗೆ ದರ್ಶಕ ನಳಿಕೆಯನ್ನು ಇಳಿಸಿ ನೋಡಿದ್ದರು. ಆದರೆ ಹೊಟ್ಟೆಯ ಗೋಡೆಯ ಹರ್ನಿಯಾವನ್ನು ಈ ಮಾರ್ಗದಲ್ಲಿ ಜಾಲರಿ ಹಾಕಿ ದುರಸ್ತಿ ಮಾಡಿದ ವರದಿ ಬಂದುದು 1993ರಲ್ಲಿ, ಅಮೆರಿಕದ ಕಾರ್ಲ್ ಲೆಬ್ಲಾಂಕ್ ಅವರಿಂದ. ಇಂದು ನಮ್ಮ ರಾಜ್ಯದ ನಗರಗಳಲ್ಲಿ ಮಾತ್ರವಲ್ಲದೆ ಹಲವು ಜಿಲ್ಲಾ ಕೇಂದ್ರಗಳಲ್ಲಿಯೂ ಇದು ನಡೆಯುತ್ತಿದೆ.

ರೋಗಿಗೆ ಪೂರ್ಣ ಅರಿವಳಿಕೆ ಕೊಟ್ಟ ಮೇಲೆ ಹೊಟ್ಟೆಯ ಪಕ್ಕದಲ್ಲಿ ಸಾಮಾನ್ಯವಾಗಿ ಮೂರು ಚಿಕ್ಕ ರಂಧ್ರಗಳನ್ನು ಮಾಡಲಾಗುತ್ತದೆ. ಅವುಗಳ ಅಳತೆ ಐದರಿಂದ ಹನ್ನೆರಡು ಮಿಲಿಮೀಟರ್. ಇಂಗಾಲದ ಡೈಆಕ್ಸೈಡ್ ಅನಿಲವನ್ನು ಮೆಲ್ಲಗೆ ತುಂಬಿ ಹೊಟ್ಟೆಯನ್ನು ಗುಡಾರದಂತೆ ಎತ್ತಲಾಗುತ್ತದೆ. ಒಂದು ರಂಧ್ರದಿಂದ ಕ್ಯಾಮೆರಾ, ಉಳಿದವುಗಳಿಂದ ತೆಳುವಾದ ಉದ್ದನೆಯ ಉಪಕರಣಗಳು ಒಳಹೋಗುತ್ತವೆ. ವೈದ್ಯರು ಪರದೆಯ ಮೇಲೆ ನೋಡುತ್ತ ಕೆಲಸ ಮಾಡುತ್ತಾರೆ. ಅಂಟಿಕೊಂಡ ಕರುಳನ್ನು ಎಚ್ಚರದಿಂದ ಬಿಡಿಸುವುದು ಮೊದಲ ಹೆಜ್ಜೆ. ಹೊರಬಂದುದನ್ನು ಒಳಗೆ ಎಳೆದುಕೊಂಡು ಕಿಂಡಿಯನ್ನು ಅಳೆಯುವುದು ಎರಡನೆಯದು. ಸಾಧ್ಯವಿದ್ದರೆ ಕಿಂಡಿಯ ಅಂಚುಗಳನ್ನು ಹೊಲಿಯುವುದು ಮೂರನೆಯದು. ಕಿಂಡಿಗಿಂತ ಎಲ್ಲ ಕಡೆಗೂ ಸುಮಾರು ಐದು ಸೆಂಟಿಮೀಟರ್ ಹೆಚ್ಚು ಚಾಚುವಂತೆ ಜಾಲರಿಯನ್ನು ಒಳಗಿನಿಂದ ಹರಡಿ ಭದ್ರಪಡಿಸುವುದು ಕೊನೆಯದು.

ಒಳಗಿನಿಂದಲೇ ಏಕೆ? ಗೋಣಿಚೀಲದ ಉದಾಹರಣೆಗೆ ಮರಳೋಣ. ತೂತಿಗೆ ಹೊರಗಿನಿಂದ ತೇಪೆ ಅಂಟಿಸಿದರೆ ಒಳಗಿನ ಜೋಳದ ಒತ್ತಡ ಅದನ್ನು ಕಿತ್ತೆಸೆಯಲು ಹವಣಿಸುತ್ತದೆ. ಅದೇ ತೇಪೆಯನ್ನು ಒಳಗಿನಿಂದ ಅಗಲವಾಗಿ ಇಟ್ಟರೆ ಆ ಒತ್ತಡವೇ ತೇಪೆಯನ್ನು ಚೀಲಕ್ಕೆ ಒತ್ತಿ ಹಿಡಿಯುತ್ತದೆ. ಕಿಂಡಿಯನ್ನು ಮಾಡಿದ ಬಲವೇ ಇಲ್ಲಿ ಅದನ್ನು ಕಾಯುವ ಬಲವಾಗುತ್ತದೆ.

ಜಾಲರಿಯನ್ನು ಕರುಳಿಗೆ ಎದುರಾಗಿ ಇಡುವುದಾದರೆ ಕರುಳು ಅಂಟದಂತೆ ಒಂದು ಬದಿಗೆ ಲೇಪವಿರುವ ವಿಶೇಷ ಜಾಲರಿ ಬೇಕು. ಇತ್ತೀಚಿನ ವಿಧಾನಗಳಲ್ಲಿ ಸ್ನಾಯುವಿನ ಹಿಂಬದಿಯ ಪದರಗಳ ನಡುವೆಯೇ ಜಾಲರಿಯನ್ನು ಇಡುವುದರಿಂದ ಅದು ಕರುಳನ್ನು ಮುಟ್ಟುವುದೇ ಇಲ್ಲ. ತೊಡೆಸಂದಿನ ಹರ್ನಿಯಾದಲ್ಲಿಯೂ ಸುಮಾರು ಹತ್ತು ಸೆಂಟಿಮೀಟರ್ ಅಗಲ, ಹದಿನೈದು ಸೆಂಟಿಮೀಟರ್ ಉದ್ದದ ಜಾಲರಿಯನ್ನು ಉದರಪೊರೆಯ ಹೊರಗೆ, ಸ್ನಾಯುವಿನ ಹಿಂದೆ ಇಡಲಾಗುತ್ತದೆ. ಎರಡೂ ಕಡೆ ಹರ್ನಿಯಾ ಇರುವವರಿಗೆ, ಹಿಂದೆ ಮುಂಭಾಗದಿಂದ ತೆರೆದು ಮಾಡಿದ ದುರಸ್ತಿ ವಿಫಲವಾದವರಿಗೆ ಹಾಗೂ ಸ್ತ್ರೀಯರಿಗೆ ಈ ಮಾರ್ಗ ವಿಶೇಷವಾಗಿ ಹಿತವೆಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ತಿಳಿಸುತ್ತದೆ.

ಶಾಕಾಹಾರಿಗಳಾದ ನಮ್ಮ ಭಕ್ತರಲ್ಲಿ ಹಲವರು ಕೇಳಲು ಸಂಕೋಚಪಡುವ ಒಂದು ಪ್ರಶ್ನೆಗೂ ಇಲ್ಲಿ ಉತ್ತರಿಸುತ್ತೇವೆ. ಸಾಮಾನ್ಯ ಪಾಲಿಪ್ರೊಪಿಲೀನ್ ಜಾಲರಿ ಪ್ಲಾಸ್ಟಿಕ್ಕಿನದು, ಪ್ರಾಣಿಜನ್ಯವಲ್ಲ. ಆದರೆ ಕೆಲವು ವಿಶೇಷ ಜಾಲರಿಗಳು ಪ್ರಾಣಿಗಳ ಅಂಗಾಂಶದಿಂದ ತಯಾರಾಗುತ್ತವೆ, ಕೆಲವು ಲೇಪಗಳಲ್ಲಿ ಪ್ರಾಣಿಜನ್ಯ ಕೊಲಾಜೆನ್ ಇರುತ್ತದೆ. ಮನಸ್ಸಿಗೆ ಒಪ್ಪದಿದ್ದರೆ ಮೊದಲೇ ಕೇಳಿ ತಿಳಿಯಿರಿ. ಬೇರೆ ಆಯ್ಕೆಗಳಿವೆ.

ಲಾಭಗಳು ಮತ್ತು ಮಿತಿಗಳು

ಹಳೆಯ ಗಾಯದ ಮತ್ತು ಹೊಕ್ಕಳು ಭಾಗದ ಹರ್ನಿಯಾಗಳ ಕುರಿತು 880 ರೋಗಿಗಳನ್ನೊಳಗೊಂಡ ಹತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಮಾಡಿದ ವಿಮರ್ಶೆಯೊಂದು ಈ ಮಾರ್ಗವನ್ನು ತೆರೆದ ಶಸ್ತ್ರಚಿಕಿತ್ಸೆಯೊಂದಿಗೆ ತೂಗಿ ನೋಡಿತು. ಲ್ಯಾಪರೋಸ್ಕೋಪಿಯಲ್ಲಿ ಗಾಯದ ಸೋಂಕು ಸ್ಪಷ್ಟವಾಗಿ ಕಡಿಮೆ. ಆಸ್ಪತ್ರೆಯ ವಾಸವೂ ಬಹುತೇಕ ಕಡಿಮೆ. ಆದರೆ ಮರುಕಳಿಕೆಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಶಸ್ತ್ರಚಿಕಿತ್ಸೆಯ ವೇಳೆ ಕರುಳಿಗೆ ಪೆಟ್ಟಾಗುವುದು ಎರಡರಲ್ಲೂ ವಿರಳವಾದರೂ ಲ್ಯಾಪರೋಸ್ಕೋಪಿಯಲ್ಲಿ ತುಸು ಹೆಚ್ಚು. ಆದ್ದರಿಂದ ಚಿಕ್ಕ ಗಾಯವೆಂದರೆ ಚಿಕ್ಕ ಶಸ್ತ್ರಚಿಕಿತ್ಸೆ ಎಂದು ತಿಳಿಯಬಾರದು. ಚರ್ಮದ ಮೇಲಿನ ರಂಧ್ರ ಕಡಲೆಕಾಳಿನಷ್ಟಿದ್ದರೂ ಒಳಗೆ ಅಂಗೈಗಿಂತ ಅಗಲವಾದ ಜಾಲರಿ ಕೂತಿರುತ್ತದೆ.

ಎಲ್ಲರಿಗೂ ಈ ಮಾರ್ಗ ಹೊಂದುವುದಿಲ್ಲ. ಹೊಟ್ಟೆಯ ಬಹುಪಾಲು ಕರುಳು ಹೊರಗೇ ನೆಲೆಸಿರುವ ಬೃಹತ್ ಹರ್ನಿಯಾಗಳಿಗೆ, ಕರುಳು ಸತ್ತಿರುವ ಸ್ಥಿತಿಗೆ, ಉಬ್ಬಿನ ಮೇಲಿನ ಚರ್ಮ ಹುಣ್ಣಾದವರಿಗೆ ತೆರೆದ ಶಸ್ತ್ರಚಿಕಿತ್ಸೆಯೇ ಮೇಲು. ಹೃದಯ, ಶ್ವಾಸಕೋಶಗಳ ದೌರ್ಬಲ್ಯದಿಂದ ಪೂರ್ಣ ಅರಿವಳಿಕೆ ತಾಳಲಾರದ ವೃದ್ಧರಿಗೆ ತೊಡೆಸಂದಿನ ಹರ್ನಿಯಾವನ್ನು ಆ ಜಾಗವನ್ನಷ್ಟೇ ಮರಗಟ್ಟಿಸಿ ತೆರೆದು ದುರಸ್ತಿ ಮಾಡಬಹುದು. ಹೊಕ್ಕಳಿನ ಚಿಕ್ಕ ಕಿಂಡಿಗೆ ಎರಡು ಮೂರು ಸೆಂಟಿಮೀಟರಿನ ತೆರೆದ ಗಾಯವೇ ಸಾಕಾಗುವುದುಂಟು. ಗರ್ಭಿಣಿಯರಲ್ಲಿ ತುರ್ತು ಇಲ್ಲದಿದ್ದರೆ ಹೆರಿಗೆಯಾಗುವವರೆಗೆ ಮುಂದೂಡುತ್ತಾರೆ. ರಂಧ್ರದ ಮೂಲಕ ಆರಂಭಿಸಿ, ಅಂಟು ಹೆಚ್ಚಿರುವುದು ಕಂಡಾಗ ವೈದ್ಯರು ತೆರೆದ ವಿಧಾನಕ್ಕೆ ಹೊರಳಿದರೆ ಅದು ಸೋಲಲ್ಲ, ವಿವೇಕ. ರೋಬೋಟಿನ ನೆರವಿನ ಶಸ್ತ್ರಚಿಕಿತ್ಸೆಯ ಪ್ರಚಾರವನ್ನೂ ಈಗ ಕೇಳುತ್ತೇವೆ. ಅಲ್ಲಿಯೂ ಕೈ ವೈದ್ಯರದೇ. ಖರ್ಚು ಹೆಚ್ಚು, ಫಲಿತಾಂಶ ಎಲ್ಲ ಸಂದರ್ಭಗಳಲ್ಲೂ ಮೇಲೆಂದು ಸಿದ್ಧವಾಗಿಲ್ಲ.

ಶಸ್ತ್ರಚಿಕಿತ್ಸೆಗೆ ಮೊದಲು

ದುರಸ್ತಿಯ ಅರ್ಧ ಭಾಗ ರೋಗಿಯ ಕೈಯಲ್ಲಿದೆ. ಬೀಡಿ, ಸಿಗರೇಟುಗಳನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ಧೂಮಪಾನ ಗಾಯಕ್ಕೆ ರಕ್ತ ಹರಿಯುವುದನ್ನು ಕುಗ್ಗಿಸುತ್ತದೆ, ಕೆಮ್ಮು ಹೊಸ ಹೊಲಿಗೆಯನ್ನು ಎಳೆಯುತ್ತದೆ. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಫಲಿತಾಂಶ ಶೇ. 8ಕ್ಕಿಂತ ಕೆಳಗಿಳಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸುವುದು ಹಿತ. ತೂಕ ಹೆಚ್ಚಿದ್ದವರು ಇಳಿಸಿಕೊಂಡರೆ ಮರುಕಳಿಕೆಯ ಭಯ ಕಡಿಮೆಯಾಗುತ್ತದೆ. ಮಲಬದ್ಧತೆಯನ್ನು ನಿವಾರಿಸಿಕೊಳ್ಳಬೇಕು. ವಯಸ್ಸಾದ ಪುರುಷರು ಮೂತ್ರಕ್ಕೆ ತಿಣುಕುತ್ತಿದ್ದರೆ ಪ್ರಾಸ್ಟೇಟ್ ಗ್ರಂಥಿಯ ಚಿಕಿತ್ಸೆಯನ್ನು ಮೊದಲು ಮಾಡಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು, ತಾವಾಗಿ ನಿಲ್ಲಿಸಬಾರದು.

ವಿದ್ಯುತ್ ಉಪಕರಣಗಳು ಬಳಕೆಯಾಗುವುದರಿಂದ ಶಸ್ತ್ರಚಿಕಿತ್ಸಾ ಕೊಠಡಿಯೊಳಗೆ ಬಳೆ, ಸರ, ಬೆಳ್ಳಿಯ ಕರಡಿಗೆಯಂಥ ಲೋಹದ ವಸ್ತುಗಳು ಮೈಮೇಲೆ ಇರಬಾರದು. ಇಷ್ಟಲಿಂಗಧಾರಿಗಳು ಈ ವಿಷಯವನ್ನು ಕೊನೆಯ ಗಳಿಗೆಗೆ ಬಿಡದೆ ಒಂದು ದಿನ ಮೊದಲೇ ವೈದ್ಯರೊಡನೆ ಮಾತನಾಡಿ, ಗುರುಗಳ ಸಲಹೆಯನ್ನೂ ಪಡೆದು ತೀರ್ಮಾನಿಸಿಕೊಂಡರೆ ಮನಸ್ಸಿಗೆ ಕಳವಳವಿರುವುದಿಲ್ಲ.

ಶಸ್ತ್ರಚಿಕಿತ್ಸೆಯ ಅನಂತರ

ಅದೇ ಸಂಜೆ ಅಥವಾ ಮರುದಿನ ಬೆಳಗ್ಗೆ ಎದ್ದು ನಡೆದಾಡಬೇಕು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಒಂದೆರಡು ದಿನ ಹೆಗಲು ನೋಯುವುದುಂಟು. ತುಂಬಿದ್ದ ಅನಿಲದಿಂದ ಬಂದ ನೋವು ಅದು, ತಾನಾಗಿಯೇ ಹೋಗುತ್ತದೆ. ಹಿಂದೆ ಉಬ್ಬಿದ್ದ ಜಾಗದಲ್ಲಿ ಮತ್ತೆ ಊತ ಕಂಡು 'ಹರ್ನಿಯಾ ತಿರುಗಿ ಬಂತು' ಎಂದು ಹಲವರು ಗಾಬರಿಯಾಗುತ್ತಾರೆ. ಬಹುಸಲ ಅದು ಖಾಲಿಯಾದ ಜಾಗದಲ್ಲಿ ನಿಂತ ನೀರು, ಕೆಲವು ವಾರಗಳಲ್ಲಿ ದೇಹವೇ ಹೀರಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ತೋರಿಸದೆ ಎಲ್ಲಿಯೂ ಅದಕ್ಕೆ ಸೂಜಿ ಚುಚ್ಚಿಸಿಕೊಳ್ಳಬೇಡಿ. ಸೂಜಿಯೊಂದಿಗೆ ಸೋಂಕು ಒಳಹೋದರೆ ಜಾಲರಿಯನ್ನೇ ತೆಗೆಯಬೇಕಾದೀತು.

ನೋವಿಲ್ಲವೆಂದು ವಾರದೊಳಗೆ ಚೀಲ ಹೊರಲು ಹೋಗುವುದು ನಮ್ಮ ರೈತಬಂಧುಗಳು ಮಾಡುವ ದೊಡ್ಡ ತಪ್ಪು. ಜಾಲರಿಯೊಳಗೆ ಅಂಗಾಂಶ ಬೆಳೆದು ಬಲಿಯಲು ವಾರಗಳು ಬೇಕು. ತೊಡೆಸಂದಿನ ದುರಸ್ತಿಯಾದವರು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ದೈನಂದಿನ ಕೆಲಸಗಳಿಗೆ ಮರಳಬಹುದು. ಹೊಟ್ಟೆಯ ನಡುವಿನ ದೊಡ್ಡ ದುರಸ್ತಿಯಾದವರು ನೀರಿನ ಕೊಡ, ಗೊಬ್ಬರದ ಚೀಲ, ಅಡುಗೆಯ ಹಂಡೆಗಳನ್ನು ನಾಲ್ಕರಿಂದ ಆರು ವಾರ ಎತ್ತಬಾರದು. ನೆಲದ ಮೇಲೆ ಕುಳಿತು ಪೂಜೆ ಮಾಡುವವರು ಮೊದಲ ದಿನಗಳಲ್ಲಿ ಕುರ್ಚಿಯ ಮೇಲೆ ಕುಳಿತು ಮಾಡಲಿ. ದೀರ್ಘದಂಡ ನಮಸ್ಕಾರವನ್ನು ವೈದ್ಯರು ಹೇಳುವವರೆಗೆ ಕೈಮುಗಿಯುವುದರಲ್ಲೇ ಸಲ್ಲಿಸಲಿ.

ಈ ಚಿಹ್ನೆಗಳು ಕಂಡರೆ ತಡಮಾಡಬೇಡಿ

ಹರ್ನಿಯಾ ಇರುವ ಪ್ರತಿಯೊಂದು ಮನೆಯಲ್ಲಿಯೂ ಇವು ನೆನಪಿರಬೇಕು. ಒಳಗೆ ಹೋಗುತ್ತಿದ್ದ ಉಬ್ಬು ಹೋಗದಿರುವುದು, ಗಟ್ಟಿಯಾಗಿ ವಿಪರೀತ ನೋಯುವುದು, ಅದರ ಮೇಲಿನ ಚರ್ಮ ಕೆಂಪಾಗುವುದು ಅಥವಾ ಕಪ್ಪಾಗುವುದು, ವಾಂತಿ, ಹೊಟ್ಟೆಯುಬ್ಬರ, ಮಲ ಮತ್ತು ವಾಯು ಎರಡೂ ನಿಂತುಹೋಗುವುದು. ಇವುಗಳಲ್ಲಿ ಯಾವುದು ಕಂಡರೂ ಕರುಳಿನ ರಕ್ತಸಂಚಾರ ನಿಂತಿರಬಹುದು, ಕೆಲವೇ ಗಂಟೆಗಳಲ್ಲಿ ಅದು ಸಾಯಬಹುದು. ಉಬ್ಬನ್ನು ಬಲವಂತವಾಗಿ ಒತ್ತಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ, ಕಷಾಯವನ್ನಾಗಲಿ ಊಟವನ್ನಾಗಲಿ ಕೊಡಬೇಡಿ. ರಾತ್ರಿಯಾದರೂ ಸರಿ, 108ಕ್ಕೆ ಕರೆ ಮಾಡಿ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಿ.

ಖರ್ಚಿನ ಚಿಂತೆ

ಹಲವರು ಮುಚ್ಚಿಡುವುದಕ್ಕೆ ನಾಚಿಕೆಯಷ್ಟೇ ಹಣದ ಭಯವೂ ಕಾರಣ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ನೆರವಿದೆ. ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಯೋಜನೆಯಿದೆ. ಪಡಿತರ ಚೀಟಿ, ಆಧಾರ್ ಕಾರ್ಡುಗಳೊಂದಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಸೌಲಭ್ಯವಿಲ್ಲದಿದ್ದರೆ ಶಿಫಾರಸು ಪತ್ರವನ್ನು ಕೇಳಿ ಪಡೆಯಿರಿ. ಯಾವ ವಿಧಾನ, ಯಾವ ಜಾಲರಿ ಯೋಜನೆಯಲ್ಲಿ ಸೇರಿದೆಯೆಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಿ. ತೆರೆದ ವಿಧಾನ ಮಾತ್ರ ಲಭ್ಯವೆಂದಾದರೆ ಅದಕ್ಕಾಗಿ ನಿರಾಶರಾಗುವ ಅಗತ್ಯವಿಲ್ಲ. ಸಕಾಲದಲ್ಲಿ ಜಾಲರಿಯೊಂದಿಗೆ ಮಾಡಿದ ತೆರೆದ ದುರಸ್ತಿ, ತಡವಾಗಿ ಮಾಡಿಸಿಕೊಂಡ ರಂಧ್ರದ ದುರಸ್ತಿಗಿಂತ ಎಷ್ಟೋ ಮೇಲು.

ಇನ್ನು ಆ ತಂಗಿಯ ಕಥೆ. ಅಕ್ಕನನ್ನು ನೋಡಲು ಬಂದ ದಿನವೇ ಅವರನ್ನು ಪರೀಕ್ಷಿಸಿದೆವು. ಹೊಕ್ಕಳಿನ ಮೇಲ್ಗಡೆ ಮೂರು ಸೆಂಟಿಮೀಟರಿನ ಕಿಂಡಿ ಇತ್ತು, ಜೊತೆಗೆ ಹತೋಟಿ ತಪ್ಪಿದ ಸಕ್ಕರೆ, ಮೈಭಾರ. ಎರಡು ತಿಂಗಳು ಸಕ್ಕರೆಯನ್ನು ಸರಿಪಡಿಸಿಕೊಂಡು ಬಂದ ಮೇಲೆ ಲ್ಯಾಪರೋಸ್ಕೋಪಿಯಿಂದ ದುರಸ್ತಿ ಮಾಡಿದೆವು. ಮೂರನೆಯ ದಿನ ಮನೆಗೆ ಹೋದರು. ಆರು ವಾರ ಕೊಡ ಎತ್ತಲಿಲ್ಲ, ಮನೆಯವರೇ ನೀರು ತಂದರು. ಮುಂದಿನ ಜಾತ್ರೆಯಲ್ಲಿ ಅಕ್ಕ ಸಾಲಿನಲ್ಲಿ ಕುಳಿತು ಪ್ರಸಾದ ಸ್ವೀಕರಿಸುತ್ತಿದ್ದಾಗ ತಂಗಿ ಬಡಿಸುತ್ತಿದ್ದರು. ಇಬ್ಬರಿಗೂ ಬಂದುದು ಒಂದೇ ಕಾಯಿಲೆ. ಒಬ್ಬರು ಒಂಬತ್ತು ವರ್ಷ ಮುಚ್ಚಿಟ್ಟರು, ಇನ್ನೊಬ್ಬರು ಚಿಕ್ಕದಿದ್ದಾಗಲೇ ಬಾಯಿಬಿಟ್ಟು ಹೇಳಿದರು.

ಕಾಯಕಕ್ಕೂ ದಾಸೋಹಕ್ಕೂ ಈ ಕಾಯವೇ ಸಾಧನ. ಅದರ ಗೋಡೆಯಲ್ಲಿ ಕಿಂಡಿ ಕಂಡರೆ ನಾಚಿಕೆಪಡಬೇಕಾದುದು ಏನೂ ಇಲ್ಲ. ಮುಂದಿನ ಶಿಬಿರಕ್ಕೆ ಬಂದಾಗ ಎದ್ದು ಹೋಗುವ ಗಳಿಗೆಯವರೆಗೆ ಕಾಯದೆ ಮೊದಲ ಮಾತಾಗಿಯೇ ಅದನ್ನು ಹೇಳಿ. ನಿಮ್ಮ ಮನೆಯ ಹಿರಿಯರನ್ನೂ ತಾಯಂದಿರನ್ನೂ ಒಮ್ಮೆ ಕೇಳಿ ನೋಡಿ.